ಒಗೆಯಬಾರದ ಕಂಬಳಿ

ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಕೂತಾಗ ಸುಯ್ಯೆಂದು ಏಳುವ ಹಬೆಗೆ ಒಂದು ವಾಸನೆಯಿದೆ. ಅರ್ಧ ಬಿಸಿಲಿನದು, ಅರ್ಧ ಗಂಜಿಯದು, ಜೊತೆಗೆ ಇನ್ನೇನು ಸುಟ್ಟೇಹೋಯಿತು ಎನ್ನುವ ಚೂರು ಹೆದರಿಕೆಯದು. ಪುಟ್ಟಕ್ಕನಿಗೆ ಬಾಲ್ಯವೆಂದರೆ ಅದೇ. ಅಪ್ಪ ಇಸ್ತ್ರಿ ಮಾಡಿ ಮಡಿಸಿಟ್ಟ ಬೆಚ್ಚನೆಯ ಚಾದರಗಳ ಮೇಲೆ ಕೆನ್ನೆಯಿಟ್ಟು ನಿದ್ದೆಹೋಗಿ, ಅಕ್ಕನ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಎದ್ದ ಮಧ್ಯಾಹ್ನಗಳು ಎಷ್ಟೋ. ಆ ಮನೆಯಲ್ಲಿ ಯಾರೂ ಯಾರನ್ನೂ ತಬ್ಬಿ ಮುದ್ದಾಡಿದವರಲ್ಲ. ಜ್ವರ ಬಂದರೆ ಹಾಸಿಗೆಗೆ ಆಗಷ್ಟೇ ಒಗೆದ ಚಾದರ ಬೀಳುತ್ತಿತ್ತು. ಪರೀಕ್ಷೆಯ ದಿನ ಅಂಗಿಯ ಕಾಲರು ಎರಡೆರಡು ಸಲ ಇಸ್ತ್ರಿ ಕಾಣುತ್ತಿತ್ತು. ಪ್ರೀತಿ ಎಂದರೆ ಅವರ ಪಾಲಿಗೆ ಒಗೆದ ಬಟ್ಟೆ. ಹಾಗಾಗಿ, ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ಮುದಿ ನಾಯಿಯನ್ನು ಮನೆಗೆ ಕರೆತಂದ ದಿನ ಪುಟ್ಟಕ್ಕ ಮಾಡಿದ ತಪ್ಪನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಮಾಡಿದರೂ ಅಷ್ಟು ಚೊಕ್ಕವಾಗಿ ಮಾಡುತ್ತಿರಲಿಲ್ಲ.

ಅಪ್ಪನ ಲಾಂಡ್ರಿಯನ್ನು ಈಗ ಅಕ್ಕತಂಗಿಯರಿಬ್ಬರೂ ನಡೆಸುತ್ತಿದ್ದರು. ಬೀದಿಯವರ ಬಾಯಲ್ಲಿ ಒಬ್ಬಳು ದೊಡ್ಡಕ್ಕ, ಇನ್ನೊಬ್ಬಳು ಪುಟ್ಟಕ್ಕ. ಮುಂದೆ ಅಂಗಡಿ, ಹಿಂದೆ ಎರಡು ಮೆಷಿನ್ನುಗಳ ಒಗೆಯುವ ಕೋಣೆ, ಮಹಡಿಯ ಮೇಲೆ ಮನೆ. ದೊಡ್ಡಕ್ಕ ಗಂಡ ತೀರಿಕೊಂಡ ಮೇಲೆ ಬಂದು ಸೇರಿದವಳು. ಪುಟ್ಟಕ್ಕ ಎಲ್ಲಿಗೂ ಹೋಗಿಯೇ ಇರಲಿಲ್ಲ. ದೊಡ್ಡಕ್ಕ ಇಸ್ತ್ರಿ ಮಾಡುತ್ತಿದ್ದಳು ಮತ್ತು ಮಾತಾಡುತ್ತಿದ್ದಳು. ಪುಟ್ಟಕ್ಕ ಒಗೆಯುತ್ತಿದ್ದಳು ಮತ್ತು ಹೂಂಗುಟ್ಟುತ್ತಿದ್ದಳು. ಯಾವ ಸೋಪು ತರಬೇಕು, ಕಿಟಕಿಗೆ ಯಾವ ಪರದೆ, ಭಾನುವಾರ ಎಷ್ಟು ಹೊತ್ತಿಗೆ ಏಳಬೇಕು, ಎಲ್ಲ ದೊಡ್ಡಕ್ಕನ ತೀರ್ಮಾನ. ಗಿರಾಕಿಯ ಅಂಗಿಯ ಗುಂಡಿ ಉದುರಿದ್ದರೆ ಯಾವ ಬಣ್ಣದ ದಾರದಲ್ಲಿ ಹೊಲಿಯಬೇಕೆಂಬುದು ಮಾತ್ರ ಪುಟ್ಟಕ್ಕನಿಗೆ ಬಿಟ್ಟದ್ದು.

ವರ್ಷಕ್ಕೊಮ್ಮೆ, ಯಾರೂ ಬಂದು ಕೇಳದೆ ಉಳಿದುಹೋದ ಚಾದರ ಟವೆಲ್ಲುಗಳನ್ನು ಗಂಟು ಕಟ್ಟಿ ಊರಾಚೆಯ ನಾಯಿಗಳ ಆಶ್ರಯಧಾಮಕ್ಕೆ ಕೊಟ್ಟುಬರುವ ರೂಢಿಯಿತ್ತು. ಆ ಮಂಗಳವಾರ ಗಂಟು ಇಳಿಸಿ ತಿರುಗಿದ ಪುಟ್ಟಕ್ಕನಿಗೆ ಕೊನೆಯ ಗೂಡಿನಲ್ಲಿ ಕೂತಿದ್ದ ನಾಯಿ ಕಂಡಿತು. ಮಾಸಿದ ಕಂದು ಮೈ, ಬೆಳ್ಳಗಾದ ಮೂತಿ, ಹಣೆಯ ಮೇಲೆ ಎರಡು ಗಂಭೀರ ಗೆರೆ. ಉಳಿದ ನಾಯಿಗಳೆಲ್ಲ ಕಂಬಿಗೆ ಕಾಲುಕೊಟ್ಟು ಬೊಗಳುತ್ತಿದ್ದರೆ ಇದು ಮಾತ್ರ ಅರ್ಜಿ ಇಟ್ಟು ಹೋಗಿ, ನೋಡೋಣ ಎನ್ನುವಂತೆ ನೋಡಿತು.

"ಅದಕ್ಕೇ ಅವನಿಗೆ ಗುಮಾಸ್ತ ಅಂತ ಹೆಸರು," ಎಂದರು ಅಲ್ಲಿನ ಡಾಕ್ಟರಮ್ಮ. "ನಿಜವಾಗ್ಲೂ ಆಫೀಸಲ್ಲೇ ಬೆಳೆದವನು. ಯಜಮಾನರು ಅರ್ಜಿ ಬರೆದುಕೊಡ್ತಿದ್ರು. ಹತ್ತಕ್ಕೆ ಬಾಗಿಲು, ಐದಕ್ಕೆ ಬೀಗ. ಅವರು ಹೋದಮೇಲೆ ಇಲ್ಲಿಗೆ ಬಂದ. ಎರಡು ವರ್ಷ ಆಯ್ತು. ಹನ್ನೊಂದು ವರ್ಷ ಅಂದ ತಕ್ಷಣ ಎಲ್ಲರೂ ಮುಂದಿನ ಗೂಡಿಗೆ ಹೋಗ್ತಾರೆ."

ಪುಟ್ಟಕ್ಕ ಮುಂದಿನ ಗೂಡಿಗೆ ಹೋಗಲಿಲ್ಲ. ಅರ್ಧ ಗಂಟೆಯಲ್ಲಿ ಕಾಗದಗಳಿಗೆ ಸಹಿ ಹಾಕಿ ಮುಗಿದಿತ್ತು. ಡಾಕ್ಟರಮ್ಮ ಮಡಿಸಿದ ಹಳೆಯ ಹಸಿರು ಕಂಬಳಿಯೊಂದನ್ನು ಕೈಗಿಟ್ಟು, "ಏನೇನು ಮಾಡ್ಬೇಕು, ಮಾಡ್ಬಾರ್ದು ಎಲ್ಲ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೀನಿ, ಮನೆಗೆ ಹೋಗಿ ಓದ್ಕೊಳ್ಳಿ" ಎಂದರು. ಪುಟ್ಟಕ್ಕ ತಲೆಯಾಡಿಸಿದಳು. ಅವಳ ಕಿವಿಗೆ ಅದೊಂದೂ ಬಿದ್ದಿರಲಿಲ್ಲ. ಅಕ್ಕನಿಗೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು.

"ಗಂಟು ಕೊಟ್ಟು ಬಾರೇ ಅಂದ್ರೆ ಗಂಟು ಹಾಕ್ಕೊಂಡು ಬಂದಿದ್ದೀಯಲ್ಲೇ!" ಎಂದಳು ದೊಡ್ಡಕ್ಕ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡೇ. "ತರೋದು ತಂದೆ, ಒಂದು ಮರಿ ತರಬಾರದಿತ್ತಾ? ಇದಕ್ಕೆ ನನಗಿಂತ ಜಾಸ್ತಿ ವಯಸ್ಸಾಗಿದೆ."

"ನಿನಗಿಂತ ಕಡಿಮೆ ಮಾತಾಡುತ್ತೆ ಅಕ್ಕಾ."

ಈ ಮಾತು ತನ್ನ ಬಾಯಿಂದಲೇ ಬಂತೇ ಎಂದು ಪುಟ್ಟಕ್ಕನಿಗೇ ಆಶ್ಚರ್ಯವಾಯಿತು. ದೊಡ್ಡಕ್ಕನಿಗೂ ಆಗಿರಬೇಕು, ಇಸ್ತ್ರಿಪೆಟ್ಟಿಗೆ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಆಕೆ, "ಆ ಕಂಬಳಿಯ ನಾತ ನೋಡು! ಮೊದಲು ಅದನ್ನ ಆಚೆ ಹಾಕು" ಎಂದು ಮೂಗು ಮುಚ್ಚಿಕೊಂಡಳು.

ಆಚೆ ಹಾಕುವುದೆಂದರೆ? ಲಾಂಡ್ರಿಯವರ ಮನೆಯಲ್ಲಿ ನಾರುವ ಕಂಬಳಿಗೆ ಇರುವುದು ಒಂದೇ ದಾರಿ. ಪಾಪ, ಎಷ್ಟು ವರ್ಷದಿಂದ ಈ ಕೊಳಕಿನಲ್ಲಿ ಮಲಗಿದೆಯೋ ಎಂದು ಪುಟ್ಟಕ್ಕನ ಕರುಳು ಚುರುಕ್ಕೆಂದಿತು. ಮೆಷಿನ್ನಿಗೆ ಹಾಕುವ ಮೊದಲು ಜೇಬು ನೋಡುವುದು ಆ ಅಂಗಡಿಯ ಕಾನೂನು. ನಲವತ್ತು ವರ್ಷಗಳಲ್ಲಿ ಅವಳು ಜೇಬುಗಳಿಂದ ಬೀಗದ ಕೈ, ಹಲ್ಲಿನ ಸೆಟ್ಟು, ಪ್ರೇಮಪತ್ರ, ಒಮ್ಮೆ ಜೀವಂತ ಓತಿಕೇತವನ್ನೂ ಹೊರತೆಗೆದಿದ್ದಳು. ಆದರೆ ಕಂಬಳಿಗೆ ಜೇಬೆಲ್ಲಿ? ಮಡಿಕೆಯನ್ನೂ ಬಿಡಿಸದೆ ಹಾಗೇ ಒಳಗೆ ಹಾಕಿ, ಉಣ್ಣೆಗೆಂದೇ ಇಟ್ಟಿದ್ದ ಒಳ್ಳೆಯ ಸೋಪು ಸುರಿದಳು. ಒಗೆದಾದ ಮೇಲೆ ಕಂಬಳಿಯ ಎಳೆಗಳಲ್ಲಿ ಬಿಳಿ ಚೂರುಗಳು ಸಿಕ್ಕಿಕೊಂಡಿದ್ದವು. ಹಳೇ ಉಣ್ಣೆ, ಗಂಟುಗಟ್ಟಿದೆ ಎಂದುಕೊಂಡು ಒಂದೊಂದನ್ನೂ ಉಗುರಿನಲ್ಲಿ ಕಿತ್ತು, ಒಣಗಿಸಿ, ಅಂಗಡಿಯ ಮೂಲೆಯಲ್ಲಿ ನೀಟಾಗಿ ಹಾಸಿದಳು.

ಗುಮಾಸ್ತ ಬಂದ. ಕಂಬಳಿಯ ಒಂದು ತುದಿ ಮೂಸಿದ. ಇನ್ನೊಂದು ತುದಿ ಮೂಸಿದ. ತಲೆಯೆತ್ತಿ ಪುಟ್ಟಕ್ಕನನ್ನು ನೋಡಿದ. ಆಮೇಲೆ ಬಾಗಿಲ ಬಳಿಗೆ ಹೋಗಿ, ಬರಿಯ ನೆಲದ ಮೇಲೆ, ಅವಳಿಗೆ ಬೆನ್ನು ಹಾಕಿ ಮಲಗಿದ.

ಬುಧವಾರ ಅವನು ಸರಿಯಾಗಿ ತಿನ್ನಲಿಲ್ಲ. ಅನ್ನ ಕೋಳಿ ಬೇಯಿಸಿ ಇಟ್ಟಳು, ಮೊಟ್ಟೆ ಇಟ್ಟಳು, ಹಾಲಿನಲ್ಲಿ ಬ್ರೆಡ್ಡು ನೆನೆಸಿ ಇಟ್ಟಳು. ನೀರು ಕುಡಿದ, ಎರಡು ತುತ್ತು ಬಾಯಿಗೆ ಹಾಕಿಕೊಂಡ, ಅಷ್ಟೆ. ಕರೆದರೆ ಬರುವ, ಕೂರೆಂದರೆ ಕೂರುವ. ತಕರಾರಿಲ್ಲ. ವರ್ಗವಾಗಿ ಬಂದ ಊರಿನಲ್ಲಿ ಕೆಲಸ ಮಾತ್ರ ಮಾಡಿಕೊಂಡಿರುವ ನೌಕರನ ಹಾಗೆ.

"ನಾನು ಬೇಯಿಸಿದ್ದೇ ಸರಿಯಿಲ್ವೇನೋ," ಎಂದಳು ಪುಟ್ಟಕ್ಕ.

"ನೀನು ಬೇಯಿಸಿದ್ದನ್ನ ಇಷ್ಟು ವರ್ಷದಿಂದ ನಾನೇ ತಿಂತಿದ್ದೀನಿ, ಅದಕ್ಕೇನು ಕೊಬ್ಬು," ಎಂದಳು ದೊಡ್ಡಕ್ಕ. ಆದರೆ ಸಂಜೆ ಅಂಗಡಿ ಮುಚ್ಚುವಾಗ ಆಕೆ ಬಾಗಿಲ ಬಳಿ ಮಲಗಿದ್ದ ನಾಯಿಯನ್ನು ದಾಟದೆ, ಕೌಂಟರನ್ನು ಸುತ್ತಿಕೊಂಡು ಹೋದದ್ದನ್ನು ಪುಟ್ಟಕ್ಕ ಗಮನಿಸಿದಳು.

ಗುರುವಾರ ಬೆಳಿಗ್ಗೆ ನೋಡಿದರೆ ಗುಮಾಸ್ತನೇ ಇಲ್ಲ. ಬಾಗಿಲು ಹಾಕಿದ್ದು ಹಾಕಿದ ಹಾಗೇ ಇದೆ. ಮಹಡಿ, ಮೆಟ್ಟಿಲ ಕೆಳಗೆ, ಕೌಂಟರಿನ ಹಿಂದೆ ಎಲ್ಲಾ ಹುಡುಕಿಯಾಯಿತು. ಕೊನೆಗೆ ಒಗೆಯುವ ಕೋಣೆಯಲ್ಲಿ ಮಾಸಿದ ಬಟ್ಟೆಗಳ ರಾಶಿ ಗೊರಕೆ ಹೊಡೆಯುವುದು ಕೇಳಿಸಿತು. ರಾಶಿಯ ನಡುವೆ ಗಿರಾಕಿಯೊಬ್ಬ ಬಸ್ ಡ್ರೈವರನ ಯೂನಿಫಾರ್ಮು, ಯೂನಿಫಾರ್ಮಿನ ಮೇಲೆ ಡ್ರೈವರನ ಸಾಕ್ಸು, ಸಾಕ್ಸಿನ ಮೇಲೆ ಮೂಗಿಟ್ಟುಕೊಂಡು ಗುಮಾಸ್ತ. ಬಂದಾಗಿನಿಂದ ಅವನು ಹಾಗೆ ಮೈಮರೆತು ಮಲಗಿದ್ದನ್ನು ಅವಳು ಕಂಡಿರಲಿಲ್ಲ.

ಯೂನಿಫಾರ್ಮು ಒಯ್ಯಲು ಬಂದ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಪುಟ್ಟಕ್ಕಾ, ಈ ಸಾಕ್ಸ್ ಬಿಚ್ಚಿದ್ರೆ ನನ್ನ ಹೆಂಡತಿ ಬೇರೆ ರೂಮಿಗೆ ಓಡ್ತಾಳೆ. ಇವನಿಗೆ ಇದರಲ್ಲಿ ನಿದ್ದೆ ಬರುತ್ತಾ! ಹಿಂದಿನ ಜನ್ಮದ ನೆಂಟ ಇರಬೇಕು ಬಿಡಿ."

ಪುಟ್ಟಕ್ಕ ನಗಲು ನೋಡಿದಳು, ಆಗಲಿಲ್ಲ. ತಾನು ಒಗೆದು ಹಾಸಿದ್ದು ಬೇಡ, ದಾರಿಹೋಕರ ಸಾಕ್ಸು ಬೇಕು. ಅವಳ ಮುಖ ನೋಡಿದ ಡ್ರೈವರ್ ಕೆಮ್ಮಿ, "ಯೂನಿಫಾರ್ಮ್ ಅವಸರವಿಲ್ಲ. ಹಳೇದೊಂದಿದೆ. ಮಲಗಿರ್ಲಿ, ಎಬ್ಬಿಸಬೇಡಿ" ಎಂದು ಬರಿಗೈಯಲ್ಲಿ ಹೊರಟ. ಹಳೆಯ ಯೂನಿಫಾರ್ಮು ಹೊಟ್ಟೆಗೆ ಬಿಗಿಯಾಗುತ್ತದೆಂದು ಅವನೇ ಹೋದ ವಾರ ಹೇಳಿದ್ದು ಅವಳಿಗೆ ಗೊತ್ತಿತ್ತು.

ಅವಳು ಆಶ್ರಯಧಾಮಕ್ಕೆ ಫೋನು ಮಾಡಿದಳು.

"ಊಟ ಬಿಟ್ಟಿದ್ದಾನಾ?" ಎಂದರು ಡಾಕ್ಟರಮ್ಮ. "ಕಂಬಳಿ ಮೇಲೆ ಮಲಗ್ತಿಲ್ವಾ? ಚೀಟಿ ಓದಿದ್ರಲ್ಲ?"

"ಯಾವ ಚೀಟಿ?"

"ಕಂಬಳಿ ಮಡಿಕೆ ಒಳಗೇ ಇಟ್ಟಿದ್ದೆನಲ್ಲ."

ಉಗುರಿನಲ್ಲಿ ಕಿತ್ತ ಬಿಳಿ ಚೂರುಗಳು ಪುಟ್ಟಕ್ಕನ ಕಣ್ಣ ಮುಂದೆ ಬಂದವು. "ಅದರಲ್ಲಿ... ಏನು ಬರೆದಿತ್ತು?"

"ಮೊದಲನೇ ಸಾಲೇ, ಕಂಬಳಿ ಒಗೆಯಬೇಡಿ ಅಂತ. ಅವನ ಯಜಮಾನರದ್ದಮ್ಮ ಅದು. ಎರಡು ವರ್ಷದಿಂದ ನಾವು ನೀರು ಮುಟ್ಟಿಸಿಲ್ಲ. ಅದೊಂದಿದ್ರೆ ಎಲ್ಲಿ ಬೇಕಾದ್ರೂ ಇರ್ತಾನೆ." ಡಾಕ್ಟರಮ್ಮನ ದನಿ ತಗ್ಗಿತು. "ಒಗೆದುಬಿಟ್ರಾ?"

"ಉಣ್ಣೆ ಸೋಪಲ್ಲಿ," ಎಂದಳು ಪುಟ್ಟಕ್ಕ, ಕಳ್ಳತನ ಒಪ್ಪಿಕೊಳ್ಳುವವಳ ಹಾಗೆ.

"ಅಳಬೇಡಿ."

"ಅಳ್ತಿಲ್ಲ. ಮೂಗು ಸೋರ್ತಿದೆ."

ಡಾಕ್ಟರಮ್ಮ ಬೈಯಲಿಲ್ಲ. ಆದರೆ ಮಾತನ್ನು ಮುಚ್ಚಿಡಲೂ ಇಲ್ಲ. ಹನ್ನೊಂದು ವರ್ಷದ ಮೈ, ಹೀಗೆ ಹೊಟ್ಟೆಗಿಲ್ಲದೆ ಬಹಳ ದಿನ ನಡೆಯುವುದಿಲ್ಲ. ಭಾನುವಾರ ಮಧ್ಯಾಹ್ನ ತಾನೇ ಬರುತ್ತೇನೆ. ಅಷ್ಟರಲ್ಲಿ ಹೊಟ್ಟೆತುಂಬ ತಿಂದರೆ ಸರಿ, ಇಲ್ಲದಿದ್ದರೆ ವಾಪಸ್ಸು ಕರೆದುಕೊಂಡು ಹೋಗಲೇಬೇಕು. ಆಶ್ರಯಧಾಮದಲ್ಲಾದರೆ ತಿನ್ನುತ್ತಿದ್ದ, ಅದಕ್ಕಾಗಿ ಹೇಳುತ್ತಿದ್ದೇನೆ. "ಹಳೇ ವಾಸನೆ ಹೋಯ್ತು, ಅದನ್ನ ತರಕ್ಕಾಗಲ್ಲ. ಈಗ ನಿಮ್ಮ ವಾಸನೆ ಅವನಿಗೆ ಸಿಗಬೇಕು. ಒಂದು ಸ್ವೆಟರ್ ಹಾಕ್ಕೊಳ್ಳಿ, ಭಾನುವಾರದವರೆಗೆ ತೆಗೀಬೇಡಿ. ಸೋಪು ಗೀಪು ಮುಟ್ಟಬೇಡಿ. ಆಮೇಲೆ ಅದನ್ನೇ ಅವನಿಗೆ ಹಾಸಿ."

ಫೋನಿಟ್ಟು ಪುಟ್ಟಕ್ಕ ತನ್ನ ಅಂಗೈ ಮೂಸಿ ನೋಡಿಕೊಂಡಳು. ಸೋಪು. ಮೊಣಕೈ ಮೂಸಿದಳು. ಅಲ್ಲೂ ಅದೇ.

"ಅಕ್ಕಾ, ಸ್ವಲ್ಪ ನನ್ನ ಮೂಸಿ ನೋಡು."

"ತಲೆ ಕೆಟ್ಟಿದೆಯೇನೇ?"

"ನೋಡು ಅಂದ್ನಲ್ಲ."

ದೊಡ್ಡಕ್ಕ ಬಗ್ಗಿ ಭುಜ ಮೂಸಿದಳು. "ಸೋಪು." ಕತ್ತಿನ ಹಿಂದೆ ಮೂಸಿದಳು. "ಇಲ್ಲೂ ಸೋಪೇ. ಬಿಳಿ ಬಟ್ಟೆದು."

"ಐವತ್ತೆಂಟು ವರ್ಷ ಬದುಕಿದ್ದೀನಿ, ನನಗೆ ಅಂತ ಒಂದು ವಾಸನೆ ಇಲ್ಲ ಕಣಕ್ಕ. ನನ್ನ ಅವನು ಹೇಗೆ ಗುರುತು ಹಿಡೀತಾನೆ?"

ದೊಡ್ಡಕ್ಕ ನೆಟ್ಟಗೆ ನಿಂತಳು. ಇಸ್ತ್ರಿಪೆಟ್ಟಿಗೆ ಆರಿಸಿದಳು. ಒಗೆಯುವ ಕೋಣೆಯ ಗೂಟದಿಂದ ತಂಗಿಯ ರಬ್ಬರ್ ಏಪ್ರನ್ನು ತೆಗೆದು ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ದಾರ ಸಾಕಾಗದೆ ಹಿಂದೆ ಪಿನ್ನು ಹಾಕಬೇಕಾಯಿತು. "ಭಾನುವಾರದವರೆಗೆ ಈ ಕೋಣೆ ಹೊಸ್ತಿಲು ದಾಟಿದೆಯೋ, ಕಾಲು ಮುರೀತೀನಿ," ಎಂದಳು. "ಯಾವುದಾದ್ರೂ ಬಿಳಿ ಅಂಗಿಗೆ ಬಣ್ಣ ಹತ್ತಿದ್ರೆ ನಿನ್ನ ಗುಮಾಸ್ತನೇ ಗಿರಾಕಿಗೆ ಉತ್ತರ ಹೇಳ್ಲಿ."

ಹಾಗೆ ಪುಟ್ಟಕ್ಕನ ಸ್ವೆಟರ್ ವ್ರತ ಶುರುವಾಯಿತು. ನೀಲಿ ಬಣ್ಣದ, ಮೊಣಕೈ ಸವೆದ ಸ್ವೆಟರು. ಗುರುವಾರ ಸಂಜೆಯೇ ಅದರ ಮೇಲೆ ಚಹಾ ಚೆಲ್ಲಿತು. ಅವಳ ಕೈ ತಾನಾಗಿ ಬ್ರಷ್ಷಿನ ಕಡೆ ಹೋಯಿತು, ಹಿಡಿದು ನಿಲ್ಲಿಸಿಕೊಂಡಳು. ಶುಕ್ರವಾರ ಅವಳು ಕೌಂಟರಿನಲ್ಲಿ ಸುಮ್ಮನೆ ಕೂತಿದ್ದುದನ್ನು ಕಂಡು ದೊಡ್ಡಕ್ಕ ಒಳಗಿನಿಂದಲೇ ಕೂಗಿದಳು: "ಮಹಾರಾಣಿ ಹಾಗೆ ಕೂತ್ರೆ ವಾಸನೆ ಎಲ್ಲಿಂದ ಬರುತ್ತೆ? ಎದ್ದೇಳು! ಆ ಮೂಟೆ ಮಹಡಿಗೆ ಹೊತ್ಕೊಂಡು ಹೋಗು."

"ಮಹಡಿ ಮೇಲೆ ಯಾಕೆ ಮೂಟೆ?"

"ಮತ್ತೆ ಕೆಳಗೆ ತರೋದಕ್ಕೆ!"

ಪುಟ್ಟಕ್ಕ ಮೂಟೆ ಹೊತ್ತು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಮೊದಲ ಸಲ ಗುಮಾಸ್ತ ಕತ್ತು ಮಾತ್ರ ತಿರುಗಿಸಿ ನೋಡಿದ. ಮೂರನೆಯ ಸಲ ಎದ್ದು ಮೆಟ್ಟಿಲ ತನಕ ಬಂದ. ಐದನೆಯ ಸಲ ಅವಳ ಹಿಂದೆ ತಾನೂ ನಾಲ್ಕು ಮೆಟ್ಟಿಲು ಹತ್ತಿ, ಮಂಡಿನೋವು ನೆನಪಾಗಿ ಅಲ್ಲೇ ಕೂತ. ದೊಡ್ಡಕ್ಕ ನೊರೆ ಹತ್ತಿದ ಕೈಯಲ್ಲಿ ಇಣುಕಿ, "ಮೇಲಧಿಕಾರಿ ತಪಾಸಣೆಗೆ ಬಂದ್ರು ನೋಡು" ಎಂದಳು.

ಶನಿವಾರದ ಹೊತ್ತಿಗೆ ಸ್ವೆಟರಿಗೆ ಒಂದು ವ್ಯಕ್ತಿತ್ವವೇ ಬಂದುಬಿಟ್ಟಿತ್ತು. ಊರಿನವರ ಕಲೆಗಳನ್ನೆಲ್ಲ ತೆಗೆಯುವ ಅಂಗಡಿಯಲ್ಲಿ, ಚಹಾ, ಎಣ್ಣೆ, ಬೆವರು ಹೊತ್ತ ಸ್ವೆಟರಿನಲ್ಲಿ ಗಿರಾಕಿಗಳೆದುರು ನಿಲ್ಲಲು ಪುಟ್ಟಕ್ಕನಿಗೆ ಜೀವ ಹಿಡಿಯಷ್ಟಾಗುತ್ತಿತ್ತು. ಯೂನಿಫಾರ್ಮಿಗೆ ಬಂದ ಡ್ರೈವರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವನ ಹೊಟ್ಟೆಯ ಮೇಲಿನ ಗುಂಡಿ ಇನ್ನೇನು ಹಾರಿಹೋಗುವಂತಿತ್ತು. "ಸ್ವೆಟರ್ ಬಣ್ಣ ನಿಮಗೆ ಚೆನ್ನಾಗಿ ಒಪ್ಪುತ್ತೆ ಪುಟ್ಟಕ್ಕ," ಎಂದ, ಅಷ್ಟೇ. ಹೋಗುವಾಗ ಬಗ್ಗಿ ಗುಮಾಸ್ತನ ಕಿವಿ ತುರಿಸಿ, "ತಿನ್ನಪ್ಪ ದೊರೆ, ನಿನ್ನ ದಮ್ಮಯ್ಯ" ಎಂದು ಪಿಸುಗುಟ್ಟಿದ. ದೊರೆ ತಿನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಪುಟ್ಟಕ್ಕ ಸ್ವೆಟರ್ ತೆಗೆದು ಮೂಲೆಯಲ್ಲಿ ಹಾಸಿದಳು. ಪಕ್ಕದಲ್ಲಿ ಊಟದ ಬಟ್ಟಲಿಟ್ಟಳು. ಅಂಗಡಿಗೆ ರಜೆ, ಮೆಷಿನ್ನುಗಳು ಸುಮ್ಮನಿದ್ದವು. ಗುಮಾಸ್ತ ಬಂದು ಸ್ವೆಟರನ್ನು ಕಡತ ಓದುವವನಂತೆ ಮೂಸಿದ. ಒಂದು ತೋಳಿನಿಂದ ಶುರುಮಾಡಿ ಇನ್ನೊಂದು ತೋಳಿನವರೆಗೆ ಯಾವ ಸಾಲನ್ನೂ ಬಿಡಲಿಲ್ಲ. ಓದಿ ಮುಗಿಸಿ ಅವನು ಬಾಗಿಲ ಬಳಿಗೆ ಹೋಗಿ ಕೂತ.

ಹತ್ತಾಯಿತು. ಹನ್ನೊಂದಾಯಿತು. ಬಟ್ಟಲಿನ ಅನ್ನ ತಣ್ಣಗಾಯಿತು.

"ಏನಾದ್ರೂ ತಿಂದ್ನಾ?" ಎಂದು ದೊಡ್ಡಕ್ಕ ಮಹಡಿಯಿಂದ ಕೇಳಿದಳು. ಪುಟ್ಟಕ್ಕ ಇಲ್ಲವೆಂದು ತಲೆಯಾಡಿಸಿದಳು. ಮಹಡಿಯ ಮೇಲಿಂದ ಅದು ಕಾಣಿಸುವುದಿಲ್ಲವೆಂದು ಹೊಳೆಯಲಿಲ್ಲ.

ಪುಟ್ಟಕ್ಕ ಹಸಿರು ಕಂಬಳಿಯನ್ನು ಮಡಿಸಿ, ಗುಮಾಸ್ತನನ್ನು ಕಟ್ಟುವ ಬೆಲ್ಟನ್ನು ಅದರ ಮೇಲಿಟ್ಟಳು. ಕರೆದುಕೊಂಡು ಹೋಗುವಾಗ ತಡಕಾಡಬಾರದಲ್ಲ. ಇನ್ನು ಮಾಡುವುದೇನೂ ಉಳಿಯಲಿಲ್ಲ. ಸ್ವೆಟರಿಲ್ಲದ ಮೈಗೆ ಚಳಿ ಹತ್ತುತ್ತಿತ್ತು. ಬೇಡದ ಮೇಲೆ ಅದನ್ನು ಹಾಸಿಡುವುದಾದರೂ ಯಾರಿಗೆ ಎಂದುಕೊಂಡು ಎತ್ತಿ ಹಾಕಿಕೊಂಡಳು. ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತಳು. ನಾಯಿಯ ಕಡೆ ನೋಡಲಿಲ್ಲ, ಕರೆಯಲೂ ಇಲ್ಲ. ಕಳೆದ ಐದು ದಿನಗಳಲ್ಲಿ ಅವಳು ಏನನ್ನೂ ಬಯಸದೆ ಕೂತದ್ದು ಅದೇ ಮೊದಲು.

"ನಿನ್ನ ತಪ್ಪಿಲ್ಲ ಕಣೋ," ಎಂದಳು ಎದುರಿನ ಗೋಡೆಗೆ. "ಅವರ ಗುರುತು ಒಂದೇ ಒಂದು ಉಳಿದಿತ್ತು ನಿನಗೆ. ಅದನ್ನ ನಾನು ತೊಳೆದು ಬಿಟ್ಟೆ. ನಮ್ಮ ಮನೆಯಲ್ಲಿ ನಮಗೆ ಬರೋದು ಅದೊಂದೇ ನೋಡು. ಯಾರಾದ್ರೂ ಇಷ್ಟವಾದ್ರೆ ಒಗೆದುಹಾಕಿಬಿಡ್ತೀವಿ."

ನೆಲದ ಮೇಲೆ ಉಗುರುಗಳ ಸದ್ದಾಯಿತು. ನಿಧಾನವಾಗಿ ಬಂದು ನಿಂತಿತು. ಸ್ವೆಟರಿನ ಮೊಣಕೈಗೆ ಒದ್ದೆ ಮೂಗು ತಾಗಿತು, ಅಲ್ಲಿಂದ ತೋಳು, ಅಲ್ಲಿಂದ ಕುತ್ತಿಗೆ. ಸ್ವೆಟರಿನ ವಾಸನೆಗೂ ಕತ್ತಿನ ವಾಸನೆಗೂ ತಾಳೆ ಬಂತೇನೋ, ಗುಮಾಸ್ತ ಒಂದು ದೊಡ್ಡ ನಿಟ್ಟುಸಿರು ಬಿಟ್ಟ. ಆಮೇಲೆ ಗಲ್ಲವನ್ನು ಅವಳ ತೊಡೆಯ ಮೇಲಿಟ್ಟ. ಭಾರವಾದ, ಬೆಚ್ಚಗಿನ, ಚೂರು ಜೊಲ್ಲು ಸೋರುವ ಗಲ್ಲ.

ಪುಟ್ಟಕ್ಕ ಅಲುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕೈ ಮೆಲ್ಲಗೆ ಸರಿಸಿ, ಬಟ್ಟಲನ್ನು ಬೆರಳ ತುದಿಯಿಂದ ಎಳೆದು ಪಕ್ಕಕ್ಕೆ ತಂದುಕೊಂಡಳು. ನೋಡಿದರೆ ನಿಲ್ಲಿಸಿಬಿಡುತ್ತಾನೆಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಮೊದಲು ನೆಕ್ಕುವ ಸದ್ದು. ಆಮೇಲೆ ಅಗಿಯುವ ಸದ್ದು. ಆಮೇಲೆ ಖಾಲಿ ಬಟ್ಟಲು ನೆಲದ ಮೇಲೆ ಜಾರಿ ಜಾರಿ ಗೋಡೆಗೆ ಬಡಿಯುವ ಸದ್ದು. ಅಷ್ಟು ಇಂಪಾದ ಗಲಾಟೆಯನ್ನು ಅವಳು ಕೇಳಿಯೇ ಇರಲಿಲ್ಲ.

ಡಾಕ್ಟರಮ್ಮ ಬಂದಾಗ ಬಾಗಿಲಿಗೆ ಹೋದವಳು ದೊಡ್ಡಕ್ಕ. ಆಕೆ ಯಾವಾಗ ಕೆಳಗಿಳಿದು ಬಂದಿದ್ದಳೋ, ಎಷ್ಟು ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದಳೋ ಪುಟ್ಟಕ್ಕನಿಗೆ ತಿಳಿಯದು. ಹೊಸ್ತಿಲಲ್ಲಿ ಪಿಸುಮಾತು ಕೇಳಿಸಿತು.

"ಎಲ್ಲಿ ನಮ್ಮ ಗುಮಾಸ್ತ?"

"ಅವರು ಈಗ ಸಿಗೋದಿಲ್ಲ," ಎಂದಳು ದೊಡ್ಡಕ್ಕ. "ಊಟ ಆಯ್ತು, ಮಲಗಿದ್ದಾರೆ."

"ಪೂರ್ತಿ ತಿಂದ್ನಾ?"

"ಬಟ್ಟಲು ತೊಳೆಯೋ ಕೆಲಸಾನೂ ಉಳಿಸಿಲ್ಲ."

ಡಾಕ್ಟರಮ್ಮ ಬಾಗಿಲ ಸಂದಿನಿಂದ ಇಣುಕಿ ನೋಡಿದರು. ಗುಮಾಸ್ತನ ಕಾಗದವನ್ನು ಕೌಂಟರಿನ ಮೇಲಿಟ್ಟು, ಇವನು ಇಲ್ಲೇ ಇರುತ್ತಾನೆ ಎಂದು ಬರೆದರು. ಹೊರಗೆ ಕಾರಿನ ಬಾಗಿಲನ್ನು ಸದ್ದಾಗದಂತೆ ಮೆಲ್ಲನೆ ಎಳೆದುಕೊಂಡು ಹೊರಟುಹೋದರು.

ಗುಮಾಸ್ತ ಈಗ ಮೈಯನ್ನೆಲ್ಲ ಪುಟ್ಟಕ್ಕನ ಕಾಲುಗಳ ಮೇಲೆ ಹೊರಿಸಿ ಮಲಗಿದ್ದ. ಒಂದು ಕಾಲು ಜೋಮು ಹಿಡಿದು ಬಹಳ ಹೊತ್ತಾಗಿತ್ತು. ಇನ್ನೊಂದು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬೆಳಗಿನಿಂದ ಬಾಯಿಗೆ ಏನೂ ಹಾಕಿಕೊಂಡಿಲ್ಲವೆಂದು ಅವಳ ಹೊಟ್ಟೆ ಗುರುಗುಟ್ಟಿತು. ಸದ್ದಿಗೆ ಗುಮಾಸ್ತ ಒಂದು ಕಿವಿ ಎತ್ತಿ, ಅಪಾಯವೇನಿಲ್ಲವೆಂದು ಮತ್ತೆ ಇಳಿಸಿದ.

ಮಹಡಿಯ ಮೇಲೆ ಪಾತ್ರೆ ತೆಗೆದಿಟ್ಟ ಸದ್ದಾಯಿತು. ದೊಡ್ಡಕ್ಕ ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಗುಮಾಸ್ತನ ಬಾಲ ತುಳಿಯದಂತೆ ಸುತ್ತುಹಾಕಿ ಬಂದು, ತಂಗಿಯ ಪಕ್ಕದಲ್ಲಿ ಕಷ್ಟಪಟ್ಟು ಬಗ್ಗಿ, ಬಿಸಿ ಅನ್ನ ಮೊಟ್ಟೆಯ ತಟ್ಟೆಯನ್ನು ಮಾತಿಲ್ಲದೆ ಅವಳ ಕೈಗೆ ಕೊಟ್ಟಳು.